ಚಮಚ ಅಲುಗಬಾರದು

ಏಳನೇ ಚಮಚಕ್ಕೆ ವಾಕರಿಕೆ ಬಂತು. ಬಾಟಲಿಯಲ್ಲಿದ್ದದ್ದು ಬರೀ ಸಕ್ಕರೆ ಪಾಕ. ಬಣ್ಣ ಬರಲೆಂದು ಒಂದಿಷ್ಟು ಸಕ್ಕರೆಯನ್ನು ಕರಕು ಮಾಡಿ ಬೆರೆಸಿದ್ದೆ. ತಾಲೀಮಿನ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ ಐದು ಮಂದಿಯಲ್ಲಿ ಒಬ್ಬರ ತುಟಿಯೂ ಅಲುಗಿರಲಿಲ್ಲ. ತೊದಲಿದ್ದೆ, ತೂರಾಡಿದ್ದೆ, ಕಣ್ಣುಗುಡ್ಡೆ ಮೇಲೆ ಮಾಡಿದ್ದೆ, ಬಿಕ್ಕಳಿಸಿದ್ದೂ ಆಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಕುಡುಕಿ ಆಗೋಕೆ ಹೊರಟಿದ್ದೀಯಲ್ಲಮ್ಮ ನೀನು. ಅವಳು ಅದಕ್ಕೆ ಹೊರಟಿರಲಿಲ್ಲ" ಅಂದರು. ಅಷ್ಟೇ. ಲೈಟು ಆರಿಸಿ ಎಲ್ಲರೂ ಎದ್ದರು.

ಅವಳು ಅಂದರೆ ಲೂಸಿಲ್ ಬಾಲ್. ಅಮೆರಿಕದ ಟಿವಿಯಲ್ಲಿ 1951ರಿಂದ 1957ರವರೆಗೆ 'ಐ ಲವ್ ಲೂಸಿ' ಎಂಬ ಹಾಸ್ಯ ಧಾರಾವಾಹಿಯ ಲೂಸಿ ಆಗಿದ್ದವಳು. ನಮ್ಮದು ಹವ್ಯಾಸಿ ನಾಟಕ ತಂಡ. ಒಬ್ಬೊಬ್ಬರೂ ಒಬ್ಬ ಕಲಾವಿದರ ಬದುಕನ್ನು ಹಿಡಿದು ಐವತ್ತು ನಿಮಿಷದ ಏಕವ್ಯಕ್ತಿ ಪ್ರಯೋಗ ಮಾಡಬೇಕೆಂದು ಮೇಷ್ಟ್ರು ಫರ್ಮಾನು ಹೊರಡಿಸಿದ್ದರು. ಇಪ್ಪತ್ತು ವರ್ಷದಿಂದ ನನಗೆ ಸಿಕ್ಕಿದ್ದೆಲ್ಲ ಅಳುವ ಪಾತ್ರಗಳೇ: ಮಗನನ್ನು ಕಳೆದುಕೊಂಡ ತಾಯಿ, ಗಂಡ ಬಿಟ್ಟುಹೋದ ರಾಣಿ. ನಾನೂ ಅಂಥ ಒಬ್ಬಳನ್ನೇ ಆರಿಸುತ್ತೇನೆ ಅಂದುಕೊಂಡಿದ್ದರು. ಲೂಸಿಯ ಹೆಸರು ಹೇಳಿದಾಗ ಗೆಳತಿಯೊಬ್ಬಳು, "ನಿನಗೆ ಕಾಮಿಡಿ ಬರಲ್ಲ ಕಣೇ" ಅಂದಳು. ಬೇಜಾರಾಗಲಿಲ್ಲ, ನಿಜ ಅಂತ ನನಗೂ ಗೊತ್ತಿತ್ತು.

ಆರಿಸಿದ್ದಕ್ಕೆ ಕಾರಣ ಒಂದು ರಾತ್ರಿ. ಅಮ್ಮನ ಮಂಡಿ ಆಪರೇಷನ್ ಆಗಿತ್ತು. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು, ದನಿ ಪೂರ್ತಿ ಅಡಗಿಸಿ, ಫೋನಿನಲ್ಲಿ ಸಿಕ್ಕಿದ್ದನ್ನು ನೋಡುತ್ತಿದ್ದೆ. ಕಪ್ಪುಬಿಳುಪಿನ ತುಣುಕೊಂದು ಬಂತು. ಒಬ್ಬ ಹೆಂಗಸು ಮೇಜಿನ ಹಿಂದೆ ನಿಂತು ಟಾನಿಕ್ಕಿನ ಜಾಹೀರಾತು ಹೇಳುತ್ತಿದ್ದಾಳೆ. ಚಮಚಕ್ಕೆ ಹುಯ್ದು ನುಂಗುತ್ತಾಳೆ. ಮುಖ ಕಿವುಚಿಕೊಳ್ಳುತ್ತದೆ, ತಕ್ಷಣ ಅದರ ಮೇಲೇ ನಗು ಅಂಟಿಸಿಕೊಳ್ಳುತ್ತಾಳೆ. ಒಂದು ಮಾತೂ ಕೇಳಿಸದೆ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆ. ದನಿಯೇ ಇಲ್ಲದೆ ನಗಿಸಿದಳಲ್ಲ, ಅದು ಹೇಗೆ ಎಂಬುದು ಆಮೇಲೆ ತಿಂಗಳುಗಟ್ಟಲೆ ಕಾಡಿತು.

ಮೊದಲ ಕರಡು ಹದಿನಾಲ್ಕು ಪುಟ ಆಯಿತು. ಓದಿದರೆ ಶ್ರದ್ಧಾಂಜಲಿ ಭಾಷಣದ ಹಾಗಿತ್ತು. 1911ರ ಆಗಸ್ಟ್ 6ರಂದು ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನಿನಲ್ಲಿ ಜನನ, ಮೂರು ವರ್ಷದವಳಿದ್ದಾಗ ಟೈಫಾಯ್ಡಿಗೆ ತಂದೆ ಬಲಿ, ಅಜ್ಜ ಅಜ್ಜಿಯ ಮನೆಯಲ್ಲಿ ಬಾಲ್ಯ, ಹೀಗೆ. ಮೇಷ್ಟ್ರು ಎಲ್ಲ ಹೊಡೆದುಹಾಕಿ ಒಂದನ್ನು ಮಾತ್ರ ಉಳಿಸಿದರು: ಹದಿಹರೆಯದಲ್ಲಿ ನ್ಯೂಯಾರ್ಕಿನ ನಾಟಕ ಶಾಲೆ ಸೇರಿದ್ದು, ಅಲ್ಲಿ ಅವಳ ಬಾಯಿಂದ ಮಾತೇ ಹೊರಡದೆ, ಈ ಹುಡುಗಿಗೆ ಇದು ಆಗದು ಎಂದು ಶಾಲೆಯವರು ವಾಪಸು ಕಳಿಸಿದ್ದು. ಆ ಶಾಲೆಯ ಮಿಂಚುವ ವಿದ್ಯಾರ್ಥಿನಿ ಆಗ ಬೆಟ್ಟಿ ಡೇವಿಸ್, ಮುಂದೆ ಹಾಲಿವುಡ್ಡಿನ ದೊಡ್ಡ ತಾರೆಯಾದವಳು. ಲೂಸಿ ಮೂಲೆಯಲ್ಲಿ ಕೂತಿದ್ದವಳು.

ಆಮೇಲಿನ ಇಪ್ಪತ್ತು ವರ್ಷವನ್ನು ನಾನು ರಂಗದ ಮೇಲೆ ಎರಡೇ ನಿಮಿಷದಲ್ಲಿ ದಾಟುತ್ತೇನೆ. ಬಟ್ಟೆ ಅಂಗಡಿಯ ಮಾಡೆಲ್, 1933ರಲ್ಲಿ ಹಾಲಿವುಡ್, ಗುಂಪಿನಲ್ಲಿ ಕುಣಿಯುವ ಹುಡುಗಿ, ಆರ್‌ಕೆಓ ಸ್ಟುಡಿಯೊದಲ್ಲಿ ಸಣ್ಣಪುಟ್ಟ ಪಾತ್ರ, ಎಂಜಿಎಂ ಸ್ಟುಡಿಯೊದಲ್ಲಿ ಕೂದಲಿಗೆ ಕೆಂಪು ಬಣ್ಣ. ಸಿನಿಮಾ ಅವಳನ್ನು ದೊಡ್ಡ ತಾರೆ ಮಾಡಲೇ ಇಲ್ಲ, 'ಬಿ ಚಿತ್ರಗಳ', ಅಂದರೆ ಕಡಿಮೆ ಖರ್ಚಿನ ಚಿತ್ರಗಳ, 'ರಾಣಿ' ಎಂಬ ಅಡ್ಡಹೆಸರು ಮಾತ್ರ ಕೊಟ್ಟಿತು. ಆದರೆ ಒಂದು ಸಂಗತಿಯನ್ನು ಬಿಡಲಾಗಲಿಲ್ಲ. ಎಂಜಿಎಂನಲ್ಲಿ ಮೂಕಿಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಅವಳಿಗೆ ಪ್ರಾಪರ್ಟಿಯ, ಅಂದರೆ ದೃಶ್ಯದಲ್ಲಿ ಬಳಸುವ ಸಾಮಾನುಗಳ, ಜೊತೆ ಕೆಲಸ ಮಾಡುವುದನ್ನು ಹೇಳಿಕೊಟ್ಟರು. ಕೈಯಲ್ಲಿರುವ ಸಾಮಾನನ್ನು ಮೊದಲು ಪರಿಚಯ ಮಾಡಿಕೋ, ನಗು ಆಮೇಲಿನ ಮಾತು ಎಂಬ ಪಾಠ. ಅದನ್ನು ಓದಿದ ದಿನವೇ ಒಂದು ಚಮಚ ಕೊಂಡು ತಂದೆ. ಇದು ಮೂರ್ಖತನ ಅಂತ ಆಮೇಲೆ ಗೊತ್ತಾಯಿತು. ಮನೆಯಲ್ಲಿ ದಿನಾ ಕೈಗೆ ಸಿಗುವ, ಹಿಡಿ ಸ್ವಲ್ಪ ಬಾಗಿದ ಚಮಚವೇ ಬೇಕಿತ್ತು. ಹೊಸದಕ್ಕೆ ನನ್ನ ಬೆರಳಿನ ಗುರುತೇ ಇರಲಿಲ್ಲ.

ತಾಂತ್ರಿಕ ವಿಷಯ ನನಗೆ ಮೊದಲು ರುಚಿಸಿರಲಿಲ್ಲ. ಆದರೆ ಧಾರಾವಾಹಿ ಹೇಗೆ ತಯಾರಾಗುತ್ತಿತ್ತು ಎಂದು ತಿಳಿಯದೆ ಅವಳ ಅಭಿನಯ ಅರ್ಥವಾಗುವುದಿಲ್ಲ. ಆಗ ಅಮೆರಿಕದಲ್ಲಿ ಟಿವಿ ಅಂದರೆ ನ್ಯೂಯಾರ್ಕಿನಿಂದ ನೇರಪ್ರಸಾರ. ದೂರದ ಊರುಗಳಿಗೆ ಟಿವಿ ಪರದೆಯನ್ನೇ ಕ್ಯಾಮೆರಾದಲ್ಲಿ ಹಿಡಿದ ಮಸುಕು ಪ್ರತಿ ಹೋಗುತ್ತಿತ್ತು. ಲೂಸಿಗೂ ಗಂಡ ಡೆಸಿ ಅರ್ನಾಜ್‌ಗೂ ಲಾಸ್ ಏಂಜಲೀಸ್ ಬಿಟ್ಟು ಬರಲು ಮನಸ್ಸಿಲ್ಲ. ಹಾಗಾದರೆ ಸಿನಿಮಾದ ಹಾಗೆ 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರೀಕರಿಸಿ ಕಳಿಸುತ್ತೇವೆ ಅಂದರು. ಖರ್ಚು ಹೆಚ್ಚಾಗುತ್ತದೆ ಎಂದು ಪ್ರಾಯೋಜಕರು ರಾಗ ಎಳೆದರು. ಇವರಿಬ್ಬರೂ ಸಂಬಳದಲ್ಲಿ ಕಡಿತ ಒಪ್ಪಿಕೊಂಡು, ಬದಲಿಗೆ ಆ ಫಿಲ್ಮುಗಳ ಒಡೆತನ ತಮಗಿರಲಿ ಎಂದು ಕೇಳಿದರು. ಒಮ್ಮೆ ತೋರಿಸಿದ್ದನ್ನು ಜನ ಮತ್ತೆ ಯಾಕೆ ನೋಡುತ್ತಾರೆ ಎಂದುಕೊಂಡಿದ್ದ ಕಾಲ, ಕೊಟ್ಟುಬಿಟ್ಟರು. ಮರುಪ್ರಸಾರದ ದುಡ್ಡು ಹರಿದುಬಂದದ್ದು ಅಲ್ಲಿಂದ. ಒಂದು ಕಾಲದಲ್ಲಿ ಸಣ್ಣ ಪಾತ್ರಕ್ಕೆ ಕಾದು ನಿಂತಿದ್ದ ಆರ್‌ಕೆಓ ಸ್ಟುಡಿಯೊವನ್ನೇ 1957ರಲ್ಲಿ ಗಂಡ ಹೆಂಡತಿ ಕೊಂಡುಕೊಂಡರು.

ಸಿನಿಮಾದ ಹಾಗೆ ತುಂಡು ತುಂಡಾಗಿ ತೆಗೆದರೆ ಲೂಸಿ ಪೇಲವವಾಗುತ್ತಾಳೆ, ಅವಳಿಗೆ ಎದುರಿಗೆ ಜನ ಬೇಕು. ಹಾಗಾಗಿ ಸುಮಾರು 300 ಪ್ರೇಕ್ಷಕರನ್ನು ಕೂರಿಸಿ, ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿ, ನಾಟಕದ ಹಾಗೆ ಮೊದಲಿಂದ ಕೊನೆಯವರೆಗೆ ಆಡಿದರು. ಕ್ಯಾಮೆರಾ ಹೊಣೆ ಹೊತ್ತವರು ಕಾರ್ಲ್ ಫ್ರಾಯಿಂಡ್. ಜರ್ಮನಿಯಲ್ಲಿ 'ಮೆಟ್ರೊಪೊಲಿಸ್' ಚಿತ್ರಕ್ಕೆ ಕ್ಯಾಮೆರಾ ಹಿಡಿದವರು, ಆಸ್ಕರ್ ಗೆದ್ದವರು. ದೂರದ ದೃಶ್ಯಕ್ಕೂ ಹತ್ತಿರದ ಮುಖಕ್ಕೂ ಒಂದೇ ಬೆಳಕು ಸಾಲಬೇಕಲ್ಲ, ಅದಕ್ಕಾಗಿ ಮೇಲಿನಿಂದ ಸಮನಾಗಿ ಬೆಳಕು ಬೀಳುವ ಹಾಗೆ ದೀಪ ಕಟ್ಟಿಸಿದರು. ಇದನ್ನು ಓದಿ ನನಗೆ ಧೈರ್ಯ ಬಂತು. ಟಿವಿಯವಳು ಅಂದುಕೊಂಡಿದ್ದೆ, ಇವಳು ನಮ್ಮ ಪೈಕಿ, ರಂಗದವಳೇ!

ನಕಲು ಮಾಡುವುದಕ್ಕೆಂದು ಆ ಜಾಹೀರಾತು ದೃಶ್ಯವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. 1952ರ ಮೇ 5ರಂದು ಪ್ರಸಾರವಾದದ್ದು. ಟಾನಿಕ್ಕಿನ ಹೆಸರೇ ಒಂದು ಗರಗಸ: ವಿಟಮೀಟವೆಜಮಿನ್. ವಿಟಮಿನ್ನು, ಮಾಂಸ, ತರಕಾರಿ, ಖನಿಜ ಎಲ್ಲ ಸೇರಿಸಿ ಹೊಸೆದ ಪದ. ಅದರಲ್ಲಿ ಶೇಕಡಾ 23 ಆಲ್ಕೋಹಾಲ್ ಇರುವುದು ಪಾಪ ಅವಳಿಗೆ ಗೊತ್ತಿಲ್ಲ. ಒಂದೊಂದು ರಿಹರ್ಸಲಿಗೂ ಒಂದೊಂದು ಚಮಚ ಒಳಗೆ ಹೋಗುತ್ತದೆ, ನಾಲಿಗೆ ಜಾರುತ್ತದೆ, ಪದ ಕಲಸುತ್ತದೆ. ಈ ಪದವನ್ನು ಹಾಗೇ ಇಟ್ಟರೆ ನಮ್ಮವರಿಗೆ ಅದು ತಪ್ಪಿದ್ದೇ ತಿಳಿಯುವುದಿಲ್ಲ. ಸರಿಯಾದ ರೂಪ ಕಿವಿಯಲ್ಲಿ ಕೂತಿದ್ದರಲ್ಲವೇ ಕೆಟ್ಟದ್ದು ಗೊತ್ತಾಗುವುದು? ಎರಡು ವಾರ ಕನ್ನಡದ ಟಾನಿಕ್ಕಿನ ಹೆಸರು ಹುಡುಕಿ ಸೋತೆ. ಕೊನೆಗೆ ನೆನಪಾದದ್ದು ಎಲ್ಲರ ಬಾಯಲ್ಲೂ ಚಿಕ್ಕಂದಿನಲ್ಲೇ ಎಡವಿದ ಕೆರೆ ಏರಿಯ ಮೇಲಿನ ಮೂರು ಕರಿ ಕುರಿಮರಿ. ಆ ಕುರಿಮರಿಗಳನ್ನೇ ಟಾನಿಕ್ಕಿನ ಜಾಹೀರಾತಿಗೆ ತಂದೆ, ಕುಡಿದರೆ ಕುರಿಮರಿಗಳೂ ಏರಿ ಹತ್ತುತ್ತವೆ ಎಂದು. ಕೆಟ್ಟ ಐಡಿಯಾದ ಹಾಗೆ ಕೇಳಿಸುತ್ತದೆ, ಆದರೆ ನಿಂತಿತು. ಮೊದಲ ಸಲ ಶುದ್ಧವಾಗಿ ಹೇಳುವುದು, ಐದನೇ ಸಲಕ್ಕೆ ಕುರಿ ಕೆರೆಯಾಗಿ ಏರಿ ಮರಿಯಾಗುವುದು.

ಮಾತು ಸರಿಹೋಯಿತು, ದೇಹ ಹೋಗಲಿಲ್ಲ. ಮೊದಲು ಹೇಳಿದ ಏಳನೇ ಚಮಚದ ಸಂಜೆ ಬಂದದ್ದು ಆಗ.

ಮರುದಿನ ಮೇಷ್ಟ್ರು ಬೇಗ ಕರೆದರು. ಇಬ್ಬರೇ. "ಕುಡಿದವರು ತೂರಾಡ್ತೀನಿ ಅಂತ ತೂರಾಡ್ತಾರೇನಮ್ಮ? ನೆಟ್ಟಗೆ ನಡೀಬೇಕು ಅಂತ ಒದ್ದಾಡ್ತಾರೆ. ಅವಳಿಗೆ ಈ ಕೆಲಸ ಉಳಿಸ್ಕೋಬೇಕು. ಅವಳ ಪ್ರಾಣವೆಲ್ಲ ಆ ಚಮಚದಲ್ಲಿದೆ. ಒಂದು ತೊಟ್ಟು ಚೆಲ್ಲಬಾರದು. ಚಮಚ ಅಲುಗಬಾರದು, ಅಷ್ಟು ಮಾಡು, ಬೇರೇನೂ ಮಾಡಬೇಡ." ಚಮಚದ ತುಂಬ, ಅಂಚು ಮುಟ್ಟುವ ಹಾಗೆ ನೀರು ಹಾಕಿ, ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಸಿದರು. ನಡುವೆ ತಾವೇ ಬಂದು ಭುಜಕ್ಕೆ ಮೆಲ್ಲಗೆ ತಾಗುವರು. ಚಮಚ ಅಲುಗಬಾರದೆಂದರೆ ಉಳಿದದ್ದೆಲ್ಲ ಅಲುಗಬೇಕು. ಸೊಂಟ ಒಂದು ಕಡೆ, ಮೊಣಕೈ ಇನ್ನೊಂದು ಕಡೆ, ಕತ್ತು ಮತ್ತೆಲ್ಲೋ. ಮುಖದಲ್ಲಿ ದೇವರ ದೀಪ ಹಿಡಿದವಳ ಶ್ರದ್ಧೆ. ಹನ್ನೆರಡನೇ ಸಲವೋ ಏನೋ, ಕಸ ಗುಡಿಸಲು ಬಂದಿದ್ದ ಹುಡುಗ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕ. ನಾಟಕದವರ ಮುಲಾಜಿಲ್ಲದ ನಗು. ಅವತ್ತು ಮನೆಗೆ ನಡೆದುಕೊಂಡು ಹೋಗುವಾಗಲೂ ಬಲಗೈ ಸಮತಟ್ಟಾಗಿಯೇ ಇತ್ತು.

ಬರಹಗಾರ್ತಿ ಮ್ಯಾಡೆಲಿನ್ ಪ್ಯೂ ಬಗ್ಗೆ ಓದಿದ್ದು ಆಗ ಕೆಲಸಕ್ಕೆ ಬಂತು. ಜೆಸ್ ಆಪನ್‌ಹೈಮರ್, ಬಾಬ್ ಕ್ಯಾರಲ್ ಜೊತೆ ಲೂಸಿಯ ಕಥೆಗಳನ್ನು ಬರೆಯುತ್ತಿದ್ದಾಕೆ. ಲೂಸಿ ಮಾಡಬೇಕಾದ ಕಸರತ್ತುಗಳನ್ನು ಆಕೆ ಮೊದಲು ತಾನೇ ಮಾಡಿ ನೋಡುತ್ತಿದ್ದಳು, ಹೆಂಗಸಿನ ದೇಹಕ್ಕೆ ಅದು ಸಾಧ್ಯವೋ ಅಂತ. ಸ್ಕ್ರಿಪ್ಟಿನಲ್ಲಿ ಇಂಥ ಭಾಗಗಳನ್ನು ಪೂರ್ತಿ ದೊಡ್ಡ ಅಕ್ಷರದಲ್ಲಿ ಟೈಪು ಮಾಡುತ್ತಿದ್ದರಂತೆ. ಪುಟ ಕಪ್ಪಗೆ ಕಂಡರೆ ಲೂಸಿಗೆ ಕೈತುಂಬ ಕೆಲಸ ಅಂತ ಅರ್ಥ. ಕನ್ನಡದಲ್ಲಿ ಸಣ್ಣ ಅಕ್ಷರ ದೊಡ್ಡ ಅಕ್ಷರ ಎಲ್ಲಿದೆ? ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ನನ್ನ ಹಳೆಯ ನಾಟಕಗಳ ಪ್ರತಿ ತೆಗೆದು ನೋಡಿದರೆ ಎಲ್ಲ ಮಾತೇ ಮಾತು, 'ಅಳುತ್ತಾಳೆ' ಎಂಬುದು ಬಿಟ್ಟರೆ ದೇಹಕ್ಕೆ ಒಂದು ಸೂಚನೆಯೂ ಇಲ್ಲ.

ತಾನು ತಮಾಷೆಯ ಹೆಂಗಸಲ್ಲ, ತಮಾಷೆ ಬರಹಗಾರರದ್ದು ಎಂದು ಲೂಸಿ ಸಂದರ್ಶನಗಳಲ್ಲಿ ಹೇಳುತ್ತಿದ್ದಳು. ವಿನಯ ಅಂದುಕೊಂಡಿದ್ದೆ. ಈಗ ಅದು ಲೆಕ್ಕ ಒಪ್ಪಿಸುವ ಮಾತಿನಂತೆ ಕೇಳಿಸುತ್ತದೆ. ನಾಲ್ಕು ದಿನ ತಾಲೀಮು ಮಾಡಿ ಜನರ ಮುಂದೆ ಹೋಗುವ ವಾರಗಳು, ಅಂಥ 180 ಅರ್ಧಗಂಟೆಯ ಕಂತುಗಳು. ಚಾಕೊಲೇಟ್ ಕಾರ್ಖಾನೆಯ ಕಂತಿನಲ್ಲಿ ಪಕ್ಕದಲ್ಲಿ ನಿಂತದ್ದು ನಟಿಯಲ್ಲ, ನಿಜವಾಗಿ ಚಾಕೊಲೇಟ್ ಅದ್ದುವ ಕೆಲಸದ ಹೆಂಗಸು. ಆಕೆ ಲೂಸಿಯ ಮುಖಕ್ಕೆ ಬಾರಿಸಿದ ಏಟೂ ನಿಜವಾದದ್ದೇ. ಲೂಸಿ ಆಟ ನಿಲ್ಲಿಸಲಿಲ್ಲ.

ಬರೆಯುವಾಗ ಹೆಚ್ಚು ಖುಷಿ ಕೊಟ್ಟದ್ದು ಬಸಿರಿನ ಭಾಗ. 1952ರಲ್ಲಿ ಲೂಸಿ ನಿಜವಾಗಿ ಬಸುರಿಯಾದಳು. ಮೇಜು ಕುರ್ಚಿಯ ಹಿಂದೆ ಹೊಟ್ಟೆ ಮುಚ್ಚಿಡುವ ಬದಲು ಕಥೆಯಲ್ಲೇ ತಂದುಬಿಡೋಣ ಅಂದರು. ವಾಹಿನಿ ಒಪ್ಪಿತು, ಆದರೆ 'ಗರ್ಭಿಣಿ' ಎಂಬ ಪದ ಮಾತ್ರ ಬಾಯಿಂದ ಬರಕೂಡದು. ಸ್ಕ್ರಿಪ್ಟುಗಳನ್ನು ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ರಬ್ಬಿ ಓದಿ ಒಪ್ಪಿಗೆ ಕೊಡಬೇಕು! 'ನಿರೀಕ್ಷೆಯಲ್ಲಿದ್ದಾಳೆ' ಎಂಬರ್ಥದ ಇಂಗ್ಲಿಷ್ ಪದ ಬಳಸಿ ದಾಟಿಕೊಂಡರು. ಇದನ್ನು ಕನ್ನಡಕ್ಕೆ ತರಲು ನಾನು ಒಂದು ನಿಮಿಷವೂ ಯೋಚಿಸಬೇಕಾಗಲಿಲ್ಲ. "ಏನಾದ್ರೂ ವಿಶೇಷ ಇದೆಯೇನಮ್ಮಾ?" ಎಂದು ಮದುವೆಯಾದ ಮೂರೇ ತಿಂಗಳಿಗೆ ಕೇಳಿಸಿಕೊಂಡವಳು ನಾನು. ತಾಲೀಮಿನಲ್ಲಿ 'ವಿಶೇಷ' ಅಂದೊಡನೆ ಹೆಂಗಸರೆಲ್ಲ ನಕ್ಕರು, ಗಂಡಸರು ಅರೆಗಳಿಗೆ ತಡವಾಗಿ.

ಬಸಿರಿನ ಆ ಕಂತಿನಲ್ಲಿ ಲೂಸಿ ಸುದ್ದಿಯನ್ನು ಗಂಡನಿಗೆ (ಧಾರಾವಾಹಿಯಲ್ಲೂ ಗಂಡನಾಗಿದ್ದವನು ಡೆಸಿಯೇ) ಹೇಳಲು ಹೋದಾಗೆಲ್ಲ ಏನೋ ಅಡ್ಡ ಬರುತ್ತದೆ. ಕೊನೆಗೆ ಅವನು ಹಾಡುವ ಕ್ಲಬ್ಬಿಗೇ ಹೋಗಿ ಹೆಸರಿಲ್ಲದ ಚೀಟಿ ಕಳಿಸುತ್ತಾಳೆ. ಅವನು ಮೇಜಿಂದ ಮೇಜಿಗೆ ಹುಡುಕುತ್ತ ಬಂದು ಅವಳನ್ನು ಕಂಡಾಗ ಇಬ್ಬರ ಕಣ್ಣಲ್ಲೂ ನೀರು. ಅದು ಅಭಿನಯವಲ್ಲ. ಆ ಟೇಕನ್ನೇ ಉಳಿಸಿಕೊಂಡರು. ಇಷ್ಟು ವರ್ಷ ಅತ್ತು ಪಳಗಿದವಳಿಗೆ ಇಲ್ಲಿ ಅಳು ಬರಲಿಲ್ಲ ನೋಡಿ. ಮೇಷ್ಟ್ರು, "ಬಿಡು, ಚೀಟಿ ಬರೆಯೋದನ್ನ ಮಾತ್ರ ಮಾಡು" ಅಂದರು. ಮಾಡಿದೆ. 1953ರ ಜನವರಿ 19ರಂದು ಬೆಳಿಗ್ಗೆ ಲೂಸಿಗೆ ಗಂಡುಮಗು ಹುಟ್ಟಿತು, ಅದೇ ರಾತ್ರಿ ಟಿವಿಯ ಲೂಸಿಗೂ. 4 ಕೋಟಿ 40 ಲಕ್ಷ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡದ್ದನ್ನು ಟಿವಿಯಲ್ಲಿ ನೋಡಿದವರು ಅದಕ್ಕಿಂತ ಕಡಿಮೆ.

ಅದೇ ವರ್ಷ, ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಬೇಟೆಯಾಡುತ್ತಿದ್ದ ಕಾಲ. 1936ರಲ್ಲಿ ಅಜ್ಜನ ಮನಸ್ಸು ಮುರಿಯಬಾರದೆಂದು ಕಮ್ಯುನಿಸ್ಟ್ ಮತದಾರಳಾಗಿ ಹೆಸರು ಬರೆಸಿದ್ದು ಹೊರಬಿತ್ತು. ಚಿತ್ರೀಕರಣಕ್ಕೆ ಮುಂಚೆ ಡೆಸಿ ಜನರೆದುರು ಬಂದು, ಲೂಸಿಯಲ್ಲಿ ಕೆಂಪಗಿರುವುದು ಕೂದಲೊಂದೇ, ಅದೂ ಅಸಲಿಯಲ್ಲ ಎಂದ. ಈ ಸಾಲಿಗಾಗಿ ಕೆಂಪು ವಿಗ್ ಹಾಕಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದೆ. ಬಾಡಿಗೆಗೂ ತಂದೆ. ಕನ್ನಡಿಯಲ್ಲಿ ಯಕ್ಷಗಾನದ ಬಣ್ಣದ ವೇಷದಂತೆ ಕಂಡೆ. ಆಮೇಲೆ ಹೊಳೆಯಿತು, ಮನೆಯಲ್ಲಿ ಕೂತು ನೋಡಿದ ಕೋಟಿಗಟ್ಟಲೆ ಜನಕ್ಕೆ ಆ ಕೂದಲು ಕೆಂಪಗೆ ಕಂಡೇ ಇರಲಿಲ್ಲ, ಪರದೆ ಕಪ್ಪುಬಿಳುಪು. ವಿಗ್ ವಾಪಸು ಹೋಯಿತು.

ಕೊನೆ ಎಲ್ಲಿ ಎಂಬುದಕ್ಕೆ ಮೇಷ್ಟ್ರಿಗೂ ನನಗೂ ಜಗಳವೇ ಆಯಿತು. ಡೆಸಿಯ ಕುಡಿತ, ಹೆಣ್ಣುಗಳ ಚಟ, 1960ರ ಮಾರ್ಚಿನಲ್ಲಿ ಇಬ್ಬರೂ ಕೂಡಿ ಆಡಿದ ಕೊನೆಯ ಕಂತು ಮುಗಿದ ಮರುದಿನವೇ ವಿಚ್ಛೇದನದ ಅರ್ಜಿ. ಅಲ್ಲಿಗೇ ನಿಲ್ಲಿಸು, ನಿನಗೆ ಅಳುವುದು ಬರುತ್ತದೆ ಅಂದರು. ನನಗದು ಅನ್ಯಾಯ ಅನ್ನಿಸಿತು. ಇಬ್ಬರೂ ಸೇರಿ ಕಟ್ಟಿದ್ದ ಡೆಸಿಲು ಎಂಬ ನಿರ್ಮಾಣ ಕಂಪನಿಯನ್ನು, 1962ರಲ್ಲಿ ಗಂಡನ ಪಾಲನ್ನು ಕೊಂಡುಕೊಂಡು, ಅವಳೇ ನಡೆಸಿದಳಲ್ಲ? ಬಾಹ್ಯಾಕಾಶದ ಕಥೆಯ ಪ್ರಸಿದ್ಧ ಧಾರಾವಾಹಿ 'ಸ್ಟಾರ್ ಟ್ರೆಕ್' ಶುರುವಾದದ್ದು ಆ ಕಂಪನಿಯಲ್ಲಿ. 1967ರಲ್ಲಿ ಅದನ್ನು 1 ಕೋಟಿ 70 ಲಕ್ಷ ಡಾಲರಿಗೆ ಮಾರಿದಳು. 1974ರವರೆಗೆ ಟಿವಿಯಲ್ಲಿ ಅವಳಿಲ್ಲದ ವರ್ಷ ಇರಲಿಲ್ಲ ಎಂದರೂ ನಡೆಯುತ್ತದೆ. ಆಮೇಲೆ 1986ರಲ್ಲಿ, 75ನೇ ವಯಸ್ಸಿನಲ್ಲಿ, ಮತ್ತೊಂದು ಹಾಸ್ಯ ಧಾರಾವಾಹಿ. ಎಂಟೇ ಕಂತು ಪ್ರಸಾರವಾಗಿ ನಿಂತುಹೋಯಿತು. 1989ರ ಏಪ್ರಿಲ್ 26ರಂದು ತೀರಿಕೊಂಡಳು.

ಆ ಎಂಟು ಕಂತಿನ ಸೋಲನ್ನು ಬಿಡಲು ನಾನು ಒಪ್ಪಲಿಲ್ಲ. ಸಾವನ್ನು ತೋರಿಸಲು ಮೇಷ್ಟ್ರು ಒಪ್ಪಲಿಲ್ಲ. ಮೂರು ದಿನ ಸರಿಯಾಗಿ ಮಾತಿಲ್ಲ. ಆಮೇಲೆ ಅವರೇ ಫೋನ್ ಮಾಡಿ, "ಚಮಚದ ದೃಶ್ಯ ನಡುವೆ ಯಾಕಿರಬೇಕು? ಕೊನೆಗೆ ಹಾಕು" ಅಂದರು. 1986ರ ಸೋಲು ಹೇಳಿ, ಕುರ್ಚಿಯಲ್ಲಿ ಒಂದು ಗಳಿಗೆ ಕೂತು, ಎದ್ದು ಬಾಟಲಿಯ ಹತ್ತಿರ ಹೋಗುವುದು. ಹೊತ್ತಿನ ಕ್ರಮ ತಪ್ಪುತ್ತದೆ, ತಪ್ಪಲಿ.

ಅಮ್ಮ ಒಮ್ಮೆ ತಾಲೀಮಿಗೆ ಬಂದಿದ್ದಳು, ವಾಕರ್ ಹಿಡಿದು. ಲೂಸಿಯ ತಾಯಿ ಡಿಡಿ ಚಿತ್ರೀಕರಣಗಳಿಗೆ ಬಂದು ಪ್ರೇಕ್ಷಕರ ನಡುವೆ ಕೂರುತ್ತಿದ್ದಳು. ಮಗಳು ಏನಾದರೂ ಎಡವಟ್ಟಿಗೆ ಕೈ ಹಾಕುವಾಗ ಆಕೆ 'ಅ-ಓ' ಎನ್ನುವುದು ಆ ಫಿಲ್ಮುಗಳಲ್ಲಿ ಇವತ್ತಿಗೂ ಕೇಳಿಸುತ್ತದೆ. ಇದನ್ನು ಅಮ್ಮನಿಗೆ ಹೇಳಿ ಕರೆತಂದಿದ್ದೆ, ಅದೇ ತಪ್ಪಾಯಿತು. ಐವತ್ತು ನಿಮಿಷವೂ ಪರೀಕ್ಷೆಗೆ ಕೂತವಳ ಹಾಗೆ ಕೂತು, ಮುಗಿದ ಮೇಲೆ, "ಅಷ್ಟೊತ್ತು ಚಮಚ ಹಿಡ್ಕೊಂಡಿದ್ಯಲ್ಲೇ, ಕೈ ನೋಯಲ್ವಾ?" ಅಂದಳು. ನೋಯುತ್ತಿತ್ತು.

ಪ್ರದರ್ಶನದ ದಿನ ಮಂಡಿ ಬಾತುಕೊಂಡು ಅವಳು ಬರಲಿಲ್ಲ. ಜನ ನೂರರ ಆಸುಪಾಸು. ನಾಟಕ ಶಾಲೆಯ ಭಾಗಕ್ಕೆ ಮೌನ, 'ವಿಶೇಷ'ಕ್ಕೆ ನಗು, ಸ್ಟುಡಿಯೊ ಕೊಂಡಾಗ ಯಾರೋ ಇಬ್ಬರು ಚಪ್ಪಾಳೆ. 1986 ಹೇಳುವಾಗ ಒಂದು ವಾಕ್ಯ ನುಂಗಿಬಿಟ್ಟೆ, ಗೊತ್ತಾದದ್ದು ಮೇಷ್ಟ್ರಿಗೆ ಮಾತ್ರ. ಎದ್ದು ಮೇಜಿನ ಹಿಂದೆ ನಿಂತೆ. ಕುರಿಮರಿಗಳು ಒಂದೊಂದಾಗಿ ಏರಿಯಿಂದ ಜಾರತೊಡಗಿದವು. ಆರನೇ ಚಮಚ ತುಂಬಿಸಿ, ಮುಂದಿನ ಸಾಲಿನವರಿಗೂ ಕುಡಿಸುವವಳಂತೆ ರಂಗದ ಅಂಚಿಗೆ ನಡೆದೆ. ಸೊಂಟ ಒಂದು ಕಡೆ, ಕತ್ತು ಒಂದು ಕಡೆ. ಚಮಚ ಅಲುಗಲಿಲ್ಲ. ಅಂಚಿನಲ್ಲಿ ಪಾಕ ಉಬ್ಬಿ ನಿಂತಿತ್ತು.

ಕತ್ತಲಲ್ಲಿ ಹಿಂದಿನಿಂದ ಒಂದು ಹೆಣ್ಣುದನಿ, "ಅಯ್ಯೋ, ಚೆಲ್ತದೆ ಚೆಲ್ತದೆ" ಅಂದಿತು.

ಗೆಳೆಯರೊಬ್ಬರು ಮಾಡಿದ ರೆಕಾರ್ಡಿಂಗಿನಲ್ಲಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಅದರ ಹಿಂದೆಯೇ ನಗು ಎದ್ದದ್ದೂ. ಯಾರ ದನಿ ಅಂತ ಗೊತ್ತಾಗಲಿಲ್ಲ. ಅಮ್ಮನಿಗೆ ಕೇಳಿಸಿದೆ. ಎರಡು ಸಲ ಹಾಕಿಸಿಕೊಂಡು ಕೇಳಿ, "ಚೆಲ್ಲಿತಾ ಕೊನೆಗೆ?" ಅಂದಳು.